ಪೈಪಿನ ಬಾಯಿ ಮುಚ್ಚಿದ ಭಾವ

ಭಾವ, ನಿಮ್ಮ ಹೋಂಸ್ಟೇಯ ಕಕ್ಕಸು ಗುಂಡಿಯ ಗಾಳಿ ಪೈಪಿಗೆ ಮುಚ್ಚಳ ಜಡಿದಿದ್ದು ಯಾರು? ನೀವೇ ಅಂತ ಗೊತ್ತು, ಆದರೂ ಬೇಲಿ ಈಚೆ ನಿಂತು ಕೇಳೋದರಲ್ಲಿ ಒಂದು ಸುಖ. ಬೆಂಗಳೂರಿನವರು ಜಗಲಿಯಲ್ಲಿ ಕಾಫಿ ಕುಡಿಯುವಾಗ ಮೂಗು ಮುಚ್ಚಿಕೊಂಡರು, ನೀವು ಪೈಪಿನ ಬಾಯಿ ಮುಚ್ಚಿದಿರಿ. ಈಗ ವಾಸನೆ ಬಚ್ಚಲಿಗೆ ಬಂತಲ್ಲ! ಒಳಗೆ ಕೊಳೆಯೋದು ನಿಲ್ಲುತ್ತಾ, ಗ್ಯಾಸು ಹುಟ್ಟೋದು ನಿಲ್ಲುತ್ತಾ? ಮೇಲೆ ದಾರಿ ಇಲ್ಲದಿದ್ದರೆ ಬಚ್ಚಲ ಜಾಲಿ ಕೆಳಗಿನ ಟ್ರಾಪಿನಲ್ಲಿ ನಿಂತಿರುವ ಎರಡಿಂಚು ನೀರನ್ನೇ ಗುಳುಗುಳು ಅನ್ನಿಸಿ ನುಗ್ಗುತ್ತೆ. ತುಲಾ ಸಂಕ್ರಮಣಕ್ಕೆ ಬಂದ ಜನ ಹೊರಟುಹೋಗಿ ರೂಮು ಖಾಲಿ ಬಿದ್ದರೆ ಆ ನೀರೂ ಆರಿಹೋಗುತ್ತೆ. ಆಗಾಗ ಒಂದು ಚೊಂಬು ನೀರು ಸುರೀರಿ, ಮೇಲೊಂದು ಚಮಚ ಎಣ್ಣೆ ಬಿಡಿ, ಬೇಗ ಆರೋಲ್ಲ.

ಗಾಳಿ ಪೈಪು ಯಾಕೆ ಬೇಕು ಅನ್ನೋದಕ್ಕೆ ವಿಹಾರದ ಬೋಟುಗಳ ಕಥೆ ಕೇಳಿ. ಅಲ್ಲಿ ಕಕ್ಕಸಿನ ಟ್ಯಾಂಕು ಮಲಗೋ ಮಂಚದ ಕೆಳಗೇ ಇದ್ದರೂ ಇರುತ್ತೆ. ತಿಳಿದವರು ಅದಕ್ಕೆ ಎಡಕ್ಕೊಂದು ಬಲಕ್ಕೊಂದು ದಪ್ಪ ಪೈಪು ಕೊಡ್ತಾರೆ, ಡೊಂಕಿಲ್ಲದೆ. ಈ ಕಡೆ ನುಗ್ಗಿದ ಗಾಳಿ ಆ ಕಡೆ ಹೊರಟುಹೋಗುತ್ತೆ. ಗಾಳಿ ಸಿಕ್ಕಿದರೆ ಒಂದು ಜಾತಿಯ ಬ್ಯಾಕ್ಟೀರಿಯಾ ಕೆಲಸ ಮಾಡುತ್ತೆ, ನಾತ ಇಲ್ಲ. ಸಿಗದಿದ್ದರೆ ಇನ್ನೊಂದು ಜಾತಿ, ಕೊಳೆತ ಮೊಟ್ಟೆಯ ನಾತ ಹೊಡೆಯೋ ಹೈಡ್ರೋಜನ್ ಸಲ್ಫೈಡ್ ಬಿಡುತ್ತೆ. ನಮ್ಮ ಸೆಪ್ಟಿಕ್ ಟ್ಯಾಂಕು ಈ ಎರಡನೇ ಜಾತಿಯನ್ನೇ ನಂಬಿಕೊಂಡಿರೋದು, ಹಾಗಾಗಿ ಬೋಟಿನ ಉಪಾಯ ಪೂರ್ತಿ ನಡೆಯೋಲ್ಲ. ನಾತವನ್ನ ಮೂಗಿನ ಮಟ್ಟಕ್ಕಿಂತ ಮೇಲಕ್ಕೆ ಕಳಿಸಬೇಕು, ಅಷ್ಟೇ. ಗುಂಡಿ ಮನೆಯಿಂದ 20 ಮೀಟರ್ ಒಳಗಿದ್ದರೆ ಪೈಪು ಮಾಡಿಗಿಂತ 2 ಮೀಟರ್ ಎತ್ತರ ಹೋಗಬೇಕು, ಅಗಲ 50 ಮಿಲಿಮೀಟರಿಗೆ ಕಮ್ಮಿ ಇರಬಾರದು ಅನ್ನೋದು ಸರಕಾರಿ ಮಾನಕ. ನಿಮ್ಮದು ಕಿಟಕಿ ಎತ್ತರಕ್ಕೇ ನಿಂತಿದೆ! ಬಾಯಿಗೆ ಸೊಳ್ಳೆ ಬಲೆ ಕಟ್ಟಿ, ಮುಚ್ಚಳ ಬೇಡ.

ಮಳೆಗಾಲದ್ದೇ ಬೇರೆ ಗೋಳು. ನಮ್ಮೂರಿನ ನದಿ ಸಂಗಮ ಉಕ್ಕಿ ರಸ್ತೆ ಮುಳುಗಿದಾಗ ಇಲ್ಲೇ ದೋಣಿ ಹಾಕುತ್ತಿದ್ದದ್ದು ನೆನಪಿದೆಯಲ್ಲ? ಈಗ ರಸ್ತೆಗೆ ಮೇಲ್ಸೇತುವೆ ಬಂತು, ಆದರೆ ಗುಂಡಿಗೆ ಯಾವ ಸೇತುವೆ? ಒರತೆ ನೀರು ನುಗ್ಗಿ ಗಾಳಿಗೆ ಜಾಗವೇ ಇಲ್ಲದ ಹಾಗಾಗುತ್ತೆ.

ಒಂದು ಮಾತ್ರ ತಮಾಷೆಯಲ್ಲ. ಗುಂಡಿ ಚಪ್ಪಡಿ ತೆಗೆದು ಬಗ್ಗಿ ನೋಡಬೇಡಿ, ಹತ್ತಿರ ಬೀಡಿ ಹಚ್ಚಬೇಡಿ. ಒಳಗೆ ಹುಟ್ಟೋ ಮೀಥೇನು ಹೊತ್ತಿಕೊಳ್ಳುತ್ತೆ. ಆ ಕೊಳೆತ ಮೊಟ್ಟೆಯ ಗ್ಯಾಸು ಹೆಚ್ಚಾದರೆ ಮೂಗನ್ನೇ ಕೊಲ್ಲುತ್ತೆ, ವಾಸನೆ ಹೋಯ್ತು ಅಂದುಕೊಳ್ಳೋಷ್ಟರಲ್ಲಿ ಆಳು ಬಿದ್ದಿರುತ್ತಾನೆ. ರಕ್ಷಣೆಯ ಸಾಧನ ಕೊಡದೆ ಆಳನ್ನ ಇಳಿಸೋದಂತೂ 2013ರ ಕಾನೂನಿನಲ್ಲಿ ಅಪರಾಧ. ಸಕ್ಕಿಂಗ್ ಗಾಡಿ ಕರೆಸಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಪಡುವಣ ಗಾಳಿ ಬೀಸಿದರೆ ನಿಮ್ಮ ಪೈಪಿಗೆ ಮೊದಲು ಸಿಗೋದು ನಮ್ಮ ಅಡುಗೆಮನೆ. ಏಣಿ ನಮ್ಮಲ್ಲಿದೆ, ಪೈಪು ನೀವು ತನ್ನಿ.