ಪಾಯಿಂಟ್ ರಾಯರು

ನಮ್ಮ ಮೇಲಿನ ಮನೆಯ ರಾಯರು ಒಂದು ಭಾನುವಾರ ಹೆಂಡತಿ ಮಾಡಿದ ಬಿಸಿಬೇಳೆಭಾತ್ ತಿಂದು "ಒಂಬತ್ತು ಪಾಯಿಂಟ್ ಎಂಟು" ಅಂದರಂತೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡನ ಕೈಯಿಂದ ಅಷ್ಟು ಮಾರ್ಕ್ಸ್ ಕಂಡಿರದ ಆಕೆ ಹಿಗ್ಗಿ ಇನ್ನೊಂದು ಸೌಟು ಬಡಿಸಿ, ಮೇಲೆ ತುಪ್ಪವನ್ನೂ ಸುರಿದರು. ರೈಫಲ್ ಶೂಟಿಂಗಿನ ಈ ಲೆಕ್ಕದಲ್ಲಿ ಪೂರ್ತಿ ಅಂಕ ಹತ್ತಲ್ಲ, 10.9; 9.8 ಅಂದರೆ ಹತ್ತರ ಮನೆಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತ ಗುಂಡು ಅಂತ ಮಗಳು ಬಿಡಿಸಿ ಹೇಳಿದ್ದು ಒಂದು ವಾರದ ಮೇಲೆ. ಆ ರಾತ್ರಿ ರಾಯರು ಥಾಮ್ಸ್ ಬೇಕರಿಯ ಪಫ್ಸ್ ತಿಂದು ಮಲಗಿದರು.

ಬೆಂಗಳೂರಿನ ನಮ್ಮ ಕುಕ್ ಟೌನಿಗೆ ಇಂಥ ಅಪ್ಪಂದಿರು ಹೊಸಬರೇನಲ್ಲ. ಸ್ಕೇಟಿಂಗ್ ಅಪ್ಪ, ಚೆಸ್ ಅಪ್ಪ, ಪಿಯಾನೋ ಗ್ರೇಡ್ ಅಪ್ಪ, ಎಲ್ಲರೂ ಬೆಳಿಗ್ಗೆ ಮಿಲ್ಟನ್ ಪಾರ್ಕಿನಲ್ಲಿ ಸುತ್ತು ಹಾಕುತ್ತಾ ಒಬ್ಬರ ಮಗುವಿನ ಮೇಲೆ ಇನ್ನೊಬ್ಬರ ಮಗುವನ್ನು ಎತ್ತಿ ಕಟ್ಟುತ್ತಿರುತ್ತಾರೆ. ರೈಫಲ್ ಅಪ್ಪ ಮಾತ್ರ ಪ್ಯಾರಿಸ್ ಒಲಿಂಪಿಕ್ಸಿನ ಮಳೆಗೆ ಎದ್ದ ಹೊಸ ಬೆಳೆ. 2024ರ ಜುಲೈ ಕೊನೆಯಲ್ಲಿ ಮನು ಭಾಕರ್ ಶೂಟಿಂಗಿನಲ್ಲಿ ಎರಡು ಕಂಚು ಗೆದ್ದಾಗ ರಾಯರು ಬರೀ ಚಪ್ಪಾಳೆ ತಟ್ಟಿದ್ದರು. ಆಗಸ್ಟ್ 1ರಂದು ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ಇನ್ನೊಂದು ಕಂಚು ತಂದರು. ಅವರು ರೈಲ್ವೆಯಲ್ಲಿ ಟಿಕೆಟ್ ನೋಡುವವರು ಅಂತ ಟಿವಿಯವರು ಹೇಳಿದ್ದೇ ತಡ, ರಾಯರು ಸೋಫಾದಿಂದ ಎದ್ದರು. "ಬೆಂಗಳೂರು ಈಸ್ಟ್ ಸ್ಟೇಷನ್ ಪಕ್ಕದಲ್ಲೇ ಹುಟ್ಟಿ ಬೆಳೆದವನು ನಾನು. ರೈಲ್ವೆಯವರಿಗೆ ಆಗೋದು ನಮಗ್ಯಾಕೆ ಆಗಲ್ಲ?" ಮರುದಿನವೇ ಏಳನೇ ಕ್ಲಾಸಿನ ಮಗಳನ್ನು ಒಂದು ಬೇಸ್‌ಮೆಂಟ್ ಅಕಾಡೆಮಿಗೆ ಸೇರಿಸಿ ಬಂದರು. ಅವಳು ಸೇರಬೇಕೆಂದಿದ್ದದ್ದು ಡ್ರಾಯಿಂಗ್ ಕ್ಲಾಸಿಗೆ.

ಈ ಆಟದ ಜೀವವೆಲ್ಲ ಅಲ್ಲಾಡದೆ ನಿಲ್ಲುವುದರಲ್ಲಿದೆ. ರಾಯರೋ, ಅಲ್ಲಾಡದೆ ಒಂದು ಕ್ಷಣ ಇದ್ದದ್ದನ್ನು ಅವರ ತಾಯಿಯೂ ಕಂಡಿಲ್ಲ. ಲಿಫ್ಟಿನೊಳಗೂ ವಾಕಿಂಗ್ ಮಾಡುತ್ತಾರೆ. ಕೂತರೆ ಮಂಡಿ ಅಲ್ಲಾಡಿಸುತ್ತಾರೆ. ಅವರ ಜೊತೆ ಸೋಫಾದಲ್ಲಿ ಕೂತು ಕಾಫಿ ಕುಡಿಯುವುದು ಬಿಎಂಟಿಸಿ ಬಸ್ಸಿನಲ್ಲಿ ಕುಡಿದ ಹಾಗೆ. ಆದ್ದರಿಂದ ಅವರು ತಮಗಾಗದ ನಿಶ್ಚಲತೆಯನ್ನು ಮಗಳಿಂದಲೂ ಹೆಂಡತಿಯಿಂದಲೂ ಇಡೀ ಅಪಾರ್ಟ್‌ಮೆಂಟಿನಿಂದಲೂ ವಸೂಲು ಮಾಡಲು ಹೊರಟರು.

ಮೊದಲು ಬಂದೂಕು ಬಂತು. .177ರ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ, .22ಕ್ಕೆ ಬೇಕು ಅಂತ ಅವರು ವಾಚ್‌ಮನ್‌ಗೂ ಇಸ್ತ್ರಿಯವನಿಗೂ ಕೇಳದೆಯೇ ಹೇಳಿದರು. ಆದರೆ ಉದ್ದನೆಯ ಕಪ್ಪು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದರೆ ಕುಕ್ ಟೌನಿನಲ್ಲಿ ಯಾರೂ ಬಂದೂಕು ಅಂದುಕೊಳ್ಳುವುದಿಲ್ಲ. ಇದು ಮನೆಗೊಂದು ಗಿಟಾರ್ ಇರುವ ಬಡಾವಣೆ. ಎರಡೇ ವಾರದಲ್ಲಿ ಪಕ್ಕದ ಬೀದಿಯ ಕ್ವಾಯರ್ ಆಂಟಿಯೊಬ್ಬರು ಬಂದು, ಕ್ರಿಸ್‌ಮಸ್ ಕ್ಯಾರಲ್ಸ್‌ಗೆ ಬೇಸ್ ಗಿಟಾರ್ ನುಡಿಸುವವರಿಲ್ಲ, ನಿಮ್ಮ ಮಗಳನ್ನು ಕಳಿಸಿ ಅಂದರು. ಪೆಟ್ಟಿಗೆ ತೆರೆದು ತೋರಿಸಿದ ಮೇಲೆ ಆಕೆ ಈ ಕಡೆ ಬಂದಿಲ್ಲ.

ಆಮೇಲೆ ಶುರುವಾಯಿತು ಹತ್ತು ಮೀಟರಿನ ಹುಡುಕಾಟ. ಅಭಿನವ್ ಬಿಂದ್ರಾಗೆ ಅವರಪ್ಪ ಮನೆಯಲ್ಲೇ ರೇಂಜ್ ಕಟ್ಟಿಸಿಕೊಟ್ಟರು, 2008ರಲ್ಲಿ ಬೀಜಿಂಗ್‌ನಲ್ಲಿ ಹುಡುಗ ಕೊನೇ ಗುಂಡು 10.8 ಹೊಡೆದು ಚಿನ್ನ ತಂದ, ಇದು ರಾಯರ ನಿತ್ಯ ಪಾರಾಯಣ. ಅವರ ತಾತನ ಬಂಗಲೆ ಇದ್ದಿದ್ದರೆ ವರಾಂಡವೊಂದೇ ಸಾಕಾಗುತ್ತಿತ್ತು; ಅದನ್ನು ಬಿಲ್ಡರ್‌ಗೆ ಕೊಟ್ಟು ಬಂದದ್ದೇ ಈ ಫ್ಲ್ಯಾಟು. ಟೇಪು ಹಿಡಿದು ಅಳೆದರು. ಹಾಲಿನಿಂದ ಅಡುಗೆಮನೆಗೆ 6.4. ಬಾಲ್ಕನಿಯಿಂದ ದೇವರ ಮನೆಗೆ 8.1, ಅದೂ ಹೆಂಡತಿ ಒಪ್ಪಲಿಲ್ಲ. ಕೊನೆಗೆ ಮುಂಬಾಗಿಲಿಗೆ ಬೆನ್ನು ಕೊಟ್ಟು, ಪ್ಯಾಸೇಜ್ ದಾಟಿ, ಬಚ್ಚಲಮನೆ ಬಾಗಿಲು ತೆರೆದಿಟ್ಟರೆ ಗೀಸರ್ ಕೆಳಗಿನ ಗೋಡೆಗೆ ಸರಿಯಾಗಿ ಹತ್ತು ಮೀಟರ್! ಅಲ್ಲಿ ಟಾರ್ಗೆಟ್ ಅಂಟಿಸಿದರು.

ಗುಂಡು ಹಾರಿಸುವುದಕ್ಕಲ್ಲ. ಇದು ಡ್ರೈ ಫೈರಿಂಗ್: ಗುಂಡಿಲ್ಲದೆ ಗುರಿ ಹಿಡಿದು ಬರೀ ಟ್ರಿಗರ್ ಒತ್ತುವ ಸಾಧಕ. ಆದರೆ ಸಾಧಕವೂ ಮ್ಯಾಚಿನಂತೆಯೇ ನಡೆಯಬೇಕು ಅನ್ನುವುದು ರಾಯರ ಕಟ್ಟಾಜ್ಞೆ. ಮ್ಯಾಚ್ ಅಂದರೆ 60 ಗುಂಡು, 75 ನಿಮಿಷ. ಆ 75 ನಿಮಿಷ ಬಚ್ಚಲಮನೆ ಬಂದ್. ರಾಯರ ತಂದೆಗೆ ಎಂಬತ್ತೆರಡು. ಅರ್ಧ ಗಂಟೆಗೊಮ್ಮೆ ಏಳುವ ವಯಸ್ಸು. ಒಂದು ಸಂಜೆ ಮೂವತ್ತೊಂದನೇ ಗುಂಡಿನ ಹೊತ್ತಿಗೆ ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಪ್ಯಾಸೇಜಿನಲ್ಲಿ ಬಂದು ನಿಂತರು. "ಅಣ್ಣಾ, ಇನ್ನು ಇಪ್ಪತ್ತೊಂಬತ್ತೇ" ಅಂದರು ರಾಯರು. "ನನಗೆ ಒಂದೇ ಕಣೋ" ಅಂತ ಮುದುಕರು ಗುರಿಗೆ ಅಡ್ಡವಾಗಿ ನಡೆದು ಹೋಗಿ ಚಿಲಕ ಹಾಕಿಕೊಂಡರು.

ನಮ್ಮ ಮನೆಗೂ ಟೈಂಟೇಬಲ್ ಬಂತು: ಸಂಜೆ 6ರಿಂದ 7.15ರವರೆಗೆ ಮಿಕ್ಸಿ ಹಾಕಕೂಡದು. ಕೆಳಗೆ ಮಿಕ್ಸಿ ತಿರುಗಿದರೆ ಮೇಲೆ ಫ್ರಂಟ್ ಸೈಟ್ ನಡುಗುತ್ತದಂತೆ. "ಚೆನ್ನೈ ಗಾಡಿಗಳು ಹೋದಾಗ ಇಡೀ ಬಿಲ್ಡಿಂಗೇ ನಡುಗುತ್ತಲ್ಲ ಸಾರ್?" ಅಂದೆ. "ರೈಲ್ವೆಗೂ ಬರೆದಿದ್ದೀನಿ" ಅಂದರು.

ಇಷ್ಟು ಗದ್ದಲದ ನಡುವೆ ಆ ಹುಡುಗಿ ನಿಲ್ಲುವುದನ್ನು ನೀವು ನೋಡಬೇಕು. ಗೋಣಿಗಿಂತ ದಪ್ಪ ಕ್ಯಾನ್ವಾಸಿನ ಜಾಕೆಟ್ಟು, ಅದಕ್ಕೆ ಜೋಡಿ ಪ್ಯಾಂಟು, ಚಪ್ಪಟೆ ಅಡಿಯ ಬೂಟು. ಹಾಕಿಕೊಂಡು ನಡೆದರೆ ಕೀಲುಗೊಂಬೆ. ಸೊಂಟವನ್ನು ಮುಂದಕ್ಕೆ ತಳ್ಳಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ, ಅದರ ಮೇಲೆ ಐದು ಕಿಲೋ ರೈಫಲ್ ಇಟ್ಟು, ಕೆನ್ನೆಯನ್ನು ಮರಕ್ಕೆ ಒರಗಿಸುತ್ತಾಳೆ. ಆಮೇಲೆ ಕಣ್ಣು ಮುಚ್ಚುತ್ತಾಳೆ! ಎರಡು ಉಸಿರು. ಕಣ್ಣು ಬಿಟ್ಟಾಗ ನಳಿಗೆ ಗುರಿಯಿಂದ ಸರಿದಿದ್ದರೆ ಕೈಯಿಂದ ಎಳೆದು ಸರಿಮಾಡುವುದಿಲ್ಲ, ಪಾದವನ್ನು ಕೂದಲೆಳೆಯಷ್ಟು ತಿರುಗಿಸುತ್ತಾಳೆ. ಕೈಯಿಂದ ಎಳೆದರೆ ಟ್ರಿಗರ್ ಒತ್ತುವಾಗ ಮೈ ತನ್ನ ಜಾಗಕ್ಕೆ ವಾಪಸು ಜಗ್ಗುತ್ತದಂತೆ. ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಗಸಗಸೆ ಕಾಳು ಅದರ ಮುಂದೆ ಕುಂಬಳಕಾಯಿ. ನಾನೊಮ್ಮೆ ರೈಫಲ್ಲಿನ ಪೀಪ್ ಸೈಟಿನ ತೂತಿನಲ್ಲಿ ಕಣ್ಣಿಟ್ಟು ನೋಡಿದೆ: ಉಂಗುರದೊಳಗೆ ಕಪ್ಪು ಗುಂಡು ಲಬ್‌ಡಬ್ ಅಂತ ಕುಣಿಯುತ್ತಿತ್ತು. ಅದು ನನ್ನ ಎದೆ ಬಡಿತ ಅಂತ ಹುಡುಗಿ ಹೇಳಿದ ಮೇಲೆ ಹೆದರಿ ಬಿಪಿ ತೋರಿಸಿಕೊಂಡು ಬಂದೆ.

ಅಕಾಡೆಮಿಯಲ್ಲಿ ರಾಯರದ್ದು ಗಾಜಿನ ಹಿಂದಿನ ಪ್ಲಾಸ್ಟಿಕ್ ಕುರ್ಚಿ. ಕೈಯಲ್ಲಿ ಬೈನಾಕ್ಯುಲರ್, ತೊಡೆಯ ಮೇಲೆ ನೋಟ್‌ಬುಕ್. ಮಗಳು ಉಸಿರು ಹಿಡಿದಾಗ ಇವರೂ ಹಿಡಿಯುತ್ತಾರೆ. ಅವಳು ಬಿಟ್ಟ ಮೇಲೂ ಇವರು ಬಿಡುವುದಿಲ್ಲ. ಇನ್ನೂ ಓಪನ್ ಸೈಟಿನಲ್ಲೇ ಇರುವ ಮಕ್ಕಳ ಅಪ್ಪಂದಿರನ್ನು ಪೀಪ್ ಸೈಟಿನ ಅಪ್ಪನಾದ ಇವರು ಮಾತನಾಡಿಸುವುದು ಕಡಿಮೆ. ಮಾತನಾಡಿಸಿದರೆ ಭಾಷಣ. 2023ರಲ್ಲಿ ಬೆಂಗಳೂರಿನ ಹದಿನೈದರ ಹುಡುಗಿ ತಿಲೋತ್ತಮಾ ಸೇನ್ ಚಾಂಗ್‌ವಾನ್‌ನಲ್ಲಿ ಒಲಿಂಪಿಕ್ ಕೋಟಾ ಗೆದ್ದಳು. ಆದರೆ ಕೋಟಾ ದೇಶದ್ದು, ಗೆದ್ದವರದ್ದಲ್ಲ. ಟ್ರಯಲ್ಸ್ ಆದ ಮೇಲೆ ಪ್ಯಾರಿಸ್‌ಗೆ ಹೋದವರು ಬೇರೆ. "ಆರ್‌ಎಸಿ ಟಿಕೆಟ್ ಸಾರ್, ಚಾರ್ಟ್ ಬೀಳೋವರೆಗೂ ನಂಬಬಾರದು" ಅನ್ನುತ್ತಾರೆ, ತಮ್ಮ ಮಗಳಿಗೆ ಆಗಲೇ ಲೋವರ್ ಬರ್ತ್ ಸಿಕ್ಕಿದ ಹಾಗೆ.

ಗ್ರೌಂಡ್ ಫ್ಲೋರಿನ ಕೊಡವ ಆಂಟಿಗೆ ಮಾತ್ರ ಇವರ ದಶಾಂಶ ತಲೆಗೆ ಹತ್ತಿಲ್ಲ. ಅವರ ಊರಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಕೋವಿಯಿಂದ ಹೊಡೆಯುತ್ತಾರೆ. ಆಂಟಿಯೂ ಹೊಡೆದು ಬೀಳಿಸಿದವರೇ, ಅದೂ ಸೀರೆ ಉಟ್ಟು. ಮೊದಲ ಮ್ಯಾಚ್ ಮುಗಿಸಿ ಬಂದ ರಾಯರು ಗೇಟಿನಲ್ಲೇ "654ಕ್ಕೆ 571.3 ಆಂಟಿ, ಮೂರನೇ ಸೀರೀಸಲ್ಲಿ ಸ್ವಲ್ಪ..." ಅಂತ ಶುರು ಮಾಡಿದರೆ, ಆಕೆ ಕೈಯೆತ್ತಿ, "ಅದೆಲ್ಲ ಇರ್ಲಿ ರಾವ್. ಕಾಯಿ ಬಿತ್ತಾ, ಇಲ್ವಾ?" ಅಂದರು.

ರಾಯರು ಸಿಕ್ಕಿಬಿದ್ದದ್ದು ತಮ್ಮ ಮಾತಿನಿಂದಲೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲ್ ಹಿಡಿದು 2016ರಲ್ಲಿ ರಿಯೋವರೆಗೆ ಹೋದರು, ಅವರ ಗುರು ಅವರಪ್ಪ ಪಾಪಣ್ಣನವರೇ, ಅಪ್ಪನಿಗಿಂತ ಕೋಚ್ ಇಲ್ಲ ಅಂತ ಊಟದ ಹೊತ್ತಿಗೆ ಕೊರೆಯುತ್ತಿದ್ದರು. ಹೆಂಡತಿ ಮಜ್ಜಿಗೆ ಬಡಿಸುತ್ತಾ, "ಪಾಪಣ್ಣನೋರು ತಾವೂ ಹೊಡೀತಿದ್ರು. ನೀವು?" ಅಂದರು. ಅದು 10.9. ನಲವತ್ತೈದು ದಾಟಿದವರಿಗೆ ಮಾಸ್ಟರ್ ಅಂತ ಬೇರೆ ವಿಭಾಗವೇ ಇದೆ ಅಂತ ಮಗಳೂ ತುಪ್ಪ ಸುರಿದಳು.

ಆ ಶನಿವಾರ ರಾಯರೇ ಗುರಿ ಹಿಡಿಯಲು ಅಕಾಡೆಮಿಗೆ ಹೊರಟರು, ನಾನೂ ಹೋಗಿದ್ದೆ. ಯಾರದ್ದೋ ಜಾಕೆಟ್ಟಿಗೆ ರಾಯರನ್ನು ತುಂಬಿ ಪಟ್ಟಿ ಬಿಗಿದರು. ರಾಯರು ಅಲ್ಲಾಡದೆ ನಿಂತದ್ದನ್ನು ಆವತ್ತೇ ನಾನು ಮೊದಲು ಕಂಡದ್ದು. ಅಲ್ಲಾಡಲು ಜಾಕೆಟ್ಟು ಬಿಡಬೇಕಲ್ಲ. ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗಳು. ಗುರಿ ಹಿಡಿದರು. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು. "ಅಪ್ಪಾ, ಹೊಡೀಬೇಡ, ಇಳಿಸು, ಮತ್ತೆ ಹಿಡಿ" ಅಂದಳು. ಇಳಿಸಲಿಲ್ಲ. ಕಿವಿ ಕೆಂಪಾಯಿತು, ನಳಿಗೆ ಅಟ್ಲಾಸಿನ ಎಲ್ಲ ದೇಶಗಳನ್ನೂ ಸುತ್ತಿತು, ಟಪ್ ಅಂತ ಸದ್ದಾಯಿತು. ಮೋಟಾರಿನ ದಾರದಲ್ಲಿ ತೂಗುತ್ತಾ ಅವರ ಕಾಗದ ವಾಪಸು ಬಂತು, ಅಂಗಡಿಯಿಂದ ತಂದಷ್ಟೇ ಹೊಸದಾಗಿ. ಪಕ್ಕದ ಲೇನಿನ ಹುಡುಗ ಒಂದೇ ಒಂದು ಗುಂಡು ಹೊಡೆದಿದ್ದ; ಅವನ ಕಾಗದದಲ್ಲಿ ಎರಡು ತೂತು. ಒಂದು ಕಪ್ಪಿನ ಆಚೆ, ಅಂಚಿನಲ್ಲಿ. ಇನ್ನೊಂದು ನಟ್ಟನಡುವೆ. ಯಾವುದು ಯಾರದ್ದು ಅಂತ ಹತ್ತು ನಿಮಿಷ ವಾದ ನಡೆಯಿತು. ಹುಡುಗ ಅಳುವ ಹಾಗಾದ.

ಗೇಟಿನಲ್ಲಿ ಕೊಡವ ಆಂಟಿ ಗಿಡಕ್ಕೆ ನೀರು ಹಾಕುತ್ತಿದ್ದರು. "ಏನು ರಾವ್, ಕಾಯಿ ಬಿತ್ತಾ?"

"ಬಿತ್ತು ಆಂಟಿ" ಅಂದರು ರಾಯರು. ಒಂದು ಹೆಜ್ಜೆ ಮುಂದೆ ಹೋದವರು ತಿರುಗಿ ನಿಂತು, "ಪಕ್ಕದ ಮರದ್ದು. ಆದ್ರೆ ಟೆನ್ ಪಾಯಿಂಟ್ ಫೋರ್."