ಹನ್ನೊಂದು ತಿಂಗಳ ರಾಯರು

ವೈಟ್‌ಫೀಲ್ಡಿನಲ್ಲಿ ರಾಯರನ್ನು ಹುಡುಕುವುದು ಸುಲಭ, ಅವರ ಮನೆಯನ್ನು ಹುಡುಕುವುದು ಕಷ್ಟ. ಹೋದ ವರ್ಷ ಹೋಪ್‌ಫಾರ್ಮ್ ಹತ್ತಿರ ಇದ್ದರು. ಅದಕ್ಕೂ ಮೊದಲು ಕುಂದಲಹಳ್ಳಿ ಗೇಟು, ಅದಕ್ಕೂ ಹಿಂದೆ ವರ್ತೂರು ಕೋಡಿ. ಈಗ ನಲ್ಲೂರಹಳ್ಳಿ ಕಡೆ, ಹದಿನಾಲ್ಕನೇ ಮಹಡಿ. ಆದರೂ ಯಾರಾದರೂ ತಮಾಷೆಗೆ 'ಅಲೆಮಾರಿ' ಎಂದರೆ ಸಿಟ್ಟು ನೆತ್ತಿಗೇರುತ್ತದೆ. "ನಾವು ಸೆಟ್ಲ್ ಆದೋರು ಸಾರ್" ಎನ್ನುತ್ತಾರೆ, ಬಿಚ್ಚದ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತು.

ಪೆಟ್ಟಿಗೆ ಬಿಚ್ಚದಿರುವುದಕ್ಕೆ ಕಾರಣವಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಬೇಕು. ಆ ರಗಳೆಯೇ ಬೇಡವೆಂದು ಓನರುಗಳು ಹನ್ನೊಂದು ತಿಂಗಳಿಗೆ ಅಗ್ರಿಮೆಂಟು ಬರೆಯುತ್ತಾರೆ. ಹೀಗಾಗಿ ರಾಯರ ಪಂಚಾಂಗದಲ್ಲಿ ಸಂವತ್ಸರಕ್ಕೆ ಹನ್ನೊಂದೇ ಮಾಸ. ಹತ್ತನೆಯದರಲ್ಲಿ ಓನರ್ ಫೋನು ಬರುತ್ತದೆ. ಒಂದೋ ಬಾಡಿಗೆ ಏರುತ್ತದೆ, ಇಲ್ಲವೇ ಓನರ ಮಗ ಅಮೆರಿಕದಿಂದ ಇಳಿಯುತ್ತಾನೆ. ರಾಯರು ಖಾಲಿ ಮಾಡಿಕೊಟ್ಟ ಮನೆಗಳ ಲೆಕ್ಕ ಹಿಡಿದರೆ ಅಮೆರಿಕದಲ್ಲಿ ಈಗ ಒಬ್ಬ ಕನ್ನಡಿಗನೂ ಉಳಿದಿರಲಾರ.

ಆಮೇಲೆ ಶೋಧ ಶುರು. ಟ್ಯಾಂಕರ್ ನೀರಿಗೆ ಕೂದಲು ಉದುರುವುದರಿಂದ ಶ್ರೀಮತಿಯವರಿಗೆ ಕಾವೇರಿಯೇ ಆಗಬೇಕು. ಮಗಳ ಸ್ಕೂಲ್ ಬಸ್ಸು ಗೇಟಿಗೇ ಬರಬೇಕು. ಹಾಸನದಿಂದ ಅಮ್ಮ ಫೋನಿನಲ್ಲಿ, "ಬಾಗಿಲು ಪೂರ್ವಕ್ಕಿದೆಯೇನೋ?" ರಾಯರಿಗೆ ಮೆಟ್ರೊ ಹತ್ತಿರವಿರಬೇಕು. 2023ರಲ್ಲಿ ನೇರಳೆ ಮಾರ್ಗ ಕಾಡುಗೋಡಿಗೆ ಬಂದದ್ದೇನೋ ನಿಜ, ಅದೇ ರೈಲು ಹತ್ತಿ ಬಾಡಿಗೆಯೂ ಬಂದಿಳಿಯಿತು. ಅಂತೂ ಒಂದು ಮನೆ ಸಿಕ್ಕಿ, ಹಾಲು ಉಕ್ಕಿಸಿ, ಉಸ್ಸೆನ್ನುವ ಹೊತ್ತಿಗೆ ರಾಯರ ವೋಟು ಹಾಸನದಲ್ಲಿ, ಆಧಾರ್ ವರ್ತೂರಿನಲ್ಲಿ, ಗ್ಯಾಸು ಕುಂದಲಹಳ್ಳಿಯಲ್ಲಿ, ದೇಹ ಮಾತ್ರ ನಲ್ಲೂರಹಳ್ಳಿಯಲ್ಲಿ.

ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರೂ ಸಂಸಾರವನ್ನು ಕುದುರೆಯ ಮೇಲೆ ಹೇರಿಕೊಂಡು ಊರೂರು ನಡೆಯುತ್ತಾರೆ. ಆದರೆ ಅವರು ಹೊಲದಲ್ಲಿ ಒಂದು ರಾತ್ರಿ ಕುರಿ ತರುಬಿದರೆ, ಗೊಬ್ಬರ ಬಿತ್ತೆಂದು ಹೊಲದ ಯಜಮಾನನೇ ಕಾಳನ್ನೋ ಕಾಸನ್ನೋ ಕೊಟ್ಟು ಕಳಿಸುತ್ತಾನೆ. ರಾಯರು ಇದ್ದದ್ದಕ್ಕೆ ಬಾಡಿಗೆ ಕೊಡಬೇಕು, ಹೊರಟದ್ದಕ್ಕೆ ಪೇಂಟಿಂಗ್ ಚಾರ್ಜು ಕೊಡಬೇಕು. ಸಾಲದ್ದಕ್ಕೆ ಶನಿವಾರ ಸಕಲೇಶಪುರಕ್ಕೆ ಹೋಗಿ, ದುಡ್ಡು ಕೊಟ್ಟು ಡೇರೆಯಲ್ಲಿ ಮಲಗಿ ಸೊಳ್ಳೆ ಕಚ್ಚಿಸಿಕೊಂಡು ಬರುತ್ತಾರೆ. ಸೋಮವಾರ ಆಫೀಸಿನಲ್ಲಿ "ಅಲೆಮಾರಿ ಬದುಕೇ ಚೆಂದ" ಎಂಬ ಭಾಷಣ.

ಮನೆಗೆ ಬಂದವರಿಗೆ ಬಾಲ್ಕನಿಯಲ್ಲಿ ಇತಿಹಾಸದ ಪಾಠವುಂಟು. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿ ನೆಲೆಯೂರಲೆಂದು 3900 ಎಕರೆ ಕೊಟ್ಟರಂತೆ, ಅವರ ಮುಖಂಡ ಡಿ.ಎಸ್. ವೈಟ್‌ನಿಂದಲೇ ಊರಿಗೆ ಹೆಸರಂತೆ. ಅಷ್ಟು ಎಕರೆಯಲ್ಲಿ ರಾಯರ ಹಕ್ಕಿಗೆ ಬಂದಿರುವುದು ಒಂದು ಕಾರ್ ಪಾರ್ಕಿಂಗು, ಅದೂ ಹನ್ನೊಂದು ತಿಂಗಳಿಗೆ.

ಈ ಸಂಕ್ರಾಂತಿಯ ಬೆಳಿಗ್ಗೆ ಗೇಟಿನಲ್ಲಿ ಓಲಗ ಕೇಳಿ ರಾಯರು ಇಳಿದು ಬಂದರು. ಬಣ್ಣದ ಜೂಲು ಹೊದ್ದ ಕೋಲೆ ಬಸವ ನಿಂತಿತ್ತು.

"ಯಾವ ಫ್ಲ್ಯಾಟಿಗೆ? ಓಟಿಪಿ ಹೇಳಿ" ಎಂದು ಸೆಕ್ಯುರಿಟಿ ಕೇಳಿದ. ಬಸವ ತಲೆಯಾಡಿಸಿತು.

"ಹೊಸಬರಾ? ಈ ಕಡೆ ನೋಡಿಲ್ಲವಲ್ಲ" ಎಂದರು ರಾಯರು, ಊರ ಗೌಡರ ಗತ್ತಿನಲ್ಲಿ.

"ನಮ್ ತಾತನ ಕಾಲದಿಂದ್ಲೂ ಸುಗ್ಗಿಗೆ ಇಲ್ಲಿಗೇ ಬರೋದು ಸ್ವಾಮಿ. ತಾವು ನಿಂತಿರೋದು ರಾಗಿ ಹೊಲ, ಅಗೋ ಆ ಜಿಮ್ ಇರೋ ಕಡೆ ಹುಣಸೆ ಮರ ಇತ್ತು. ತಮ್ದು ಯಾವೂರು?"

"ಹಾಸನ. ಅಂದ್ರೆ, ಈಗ ಇದೇ ಊರು. ಬಂದು ಹತ್ತು ತಿಂಗಳಾಯ್ತು."

"ಮುಂದಿನ ಸುಗ್ಗಿಗೂ ಇಲ್ಲೇ ಇರ್ತೀರಾ?"

ರಾಯರು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಓನರು. ಮಗ ಅಮೆರಿಕದಿಂದ ಹೊರಟಿದ್ದಾನೆ.

"ಅಯ್ಯೋ ಪಾಪ, ತಾವು ತಿರುಗಾಡೋ ಜನ" ಎಂದು ಬಸವನವನು ಮರುಗಿದ. "ನಾವಾದ್ರೆ ವರ್ಷಕ್ಕೊಂದ್ಸಲ ಅದೇ ಊರಿಗೆ ಬತ್ತೀವಿ. ಏನಾರಾ ಕೇಳೋದಿದ್ರೆ ಬಸವಣ್ಣನ್ನ ಕೇಳಿ ಸ್ವಾಮಿ."

ರಾಯರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಮುಂದಿನ ಮನೆ ಪೂರ್ವದ ಬಾಗಿಲಿಂದು ಸಿಗುತ್ತಾ? ಕಾವೇರಿ ನೀರು? ಮೆಟ್ರೊ ಹತ್ತಿರ?" ಬಸವ ಮೂರಕ್ಕೂ ತಲೆಯಾಡಿಸಿತು. ಬ್ರೋಕರೂ ಹೀಗೇ ಆಡಿಸುತ್ತಾನೆ, ಆಮೇಲೆ ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳುತ್ತಾನೆ. ಬಸವ ಒಂದು ಬಾಳೆಹಣ್ಣಿಗೇ ಒಪ್ಪಿಕೊಂಡಿತು.