ನಾಯಕರಿಗೆ ಎರಡೇ ಪಟ್ಟಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಫ್ಲೆಕ್ಸ್‌ಗಳನ್ನು ಬಸ್ಸಿನ ಕಿಟಕಿಯಿಂದಲೇ ಆಳವಾಗಿ ಅಧ್ಯಯನ ಮಾಡಿರುವ ನಾನು, ಅಲ್ಲಿ ಭಾರೀ ಶಿಸ್ತುಭಂಗ ನಡೆದಿರುವುದನ್ನು ಪತ್ತೆ ಹಚ್ಚಿದ್ದೇನೆ.

ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತವರೆಲ್ಲ ‘ಯುವ ನಾಯಕ’ರು. ಭಾರತೀಯ ಸೇನೆಯಲ್ಲಿ ನಾಯಕ್ ಎಂದರೆ ತೋಳಿಗೆ ಎರಡು ಪಟ್ಟಿ. ಅವನ ಮೇಲೆ ಮೂರು ಪಟ್ಟಿಯ ಹವಾಲ್ದಾರ. ಕುದುರೆ ಪಡೆಯಲ್ಲಾದರೆ ಅವನೇ ದಫೇದಾರ. ಜಿಲ್ಲಾಧಿಕಾರಿಗಳ ಕಾರಿನ ಬಾಗಿಲು ತೆಗೆಯುವವರೂ ದಫೇದಾರರೇ, ಕುದುರೆ ಮಾತ್ರ ಕಾಣುವುದಿಲ್ಲ. ಆದ್ದರಿಂದ ಯುವ ನಾಯಕರು ಚಾಮರಾಜನಗರಕ್ಕೆ ಹೋದಾಗ ಮೊದಲು ದಫೇದಾರರಿಗೆ ಸೆಲ್ಯೂಟ್ ಹೊಡೆಯಬೇಕು. ಹೊಡೆಯುತ್ತಿಲ್ಲ. ಜಮೇದಾರರಂತೂ ಇಬ್ಬರಿಗೂ ಮೇಲು. 1965ರಲ್ಲಿ ಸೇನೆ ಆ ಹೆಸರನ್ನು ನಾಯಬ್ ಸುಬೇದಾರ್ ಎಂದು ಬದಲಿಸಿತು. ನಮ್ಮ ಕಚೇರಿಗಳಿಗೆ ಸುತ್ತೋಲೆ ಇನ್ನೂ ತಲುಪಿದಂತಿಲ್ಲ. ಇನ್ನು ದಲಾಯತ್ ಎಂದರೆ ಗುರಾಣಿ ಹಿಡಿದವನು. ಹಳೆಯ ಕೆಲಸವನ್ನು ಬಿಡದೆ ಮಾಡುತ್ತಿರುವವರು ಇವರೊಬ್ಬರೇ. ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂಬ ಗುರಾಣಿಯನ್ನು ಭೇದಿಸಿದ ಅರ್ಜಿದಾರ ನನಗಂತೂ ಸಿಕ್ಕಿಲ್ಲ.

ಸೈನ್ಯಬಲದ ವಿಚಾರ. ದಳ ಎಂದರೆ ಪಡೆ. ಪತ್ರಿಕೆಗಳು ಜನತಾದಳದ ಮುಖಂಡರನ್ನು ‘ದಳಪತಿಗಳು’ ಎನ್ನುವುದು ಅದಕ್ಕೇ. 2023ರಲ್ಲಿ ದಳ ಹನೂರನ್ನು ಗೆದ್ದಿತು. ಜಿಲ್ಲೆಯ ಉಳಿದ ಮೂರು ಕ್ಷೇತ್ರಗಳು ಕಾಂಗ್ರೆಸ್ ಪಾಳೆಯಕ್ಕೆ ಹೋದವು. ಹಾಗಾಗಿ ಜಿಲ್ಲೆಯಿಂದ ವಿಧಾನಸಭೆಗೆ ಹೊರಟ ದಳದಲ್ಲಿ ದಂಡೂ ಹನೂರಿನ ಶಾಸಕರೇ, ದಂಡನಾಯಕರೂ ಅವರೇ.

ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಿರಿಯರಿಗೆ ಟಾಸ್ಕ್ ಫೋರ್ಸ್ ಎಂದರೆ ವೀರಪ್ಪನ್‌ನನ್ನು ಹುಡುಕಲು ಬಂದ ಬಂದೂಕಿನವರು. ಈಗ ಬೇಸಿಗೆ ಬಂದರೆ ಶಾಸಕರ ಅಧ್ಯಕ್ಷತೆಯಲ್ಲಿ ಟಾಸ್ಕ್ ಫೋರ್ಸ್ ಸಭೆ ಸೇರುತ್ತದೆ, ಹುಡುಕುವುದು ಕುಡಿಯುವ ನೀರನ್ನು. ಇವೆರಡೂ ಬೇರೆ ಬೇರೆ ಎಂದು ಕೆಲವು ವಿದ್ವಾಂಸರ ವಾದ. ನಾನು ಒಪ್ಪುವುದಿಲ್ಲ. ತಲೆಮರೆಸಿಕೊಂಡವರನ್ನು ಹುಡುಕುವ ಕೆಲಸ ಎರಡೂ ಕಡೆ ಒಂದೇ; ವೀರಪ್ಪನ್ ಆದರೂ 2004ರ ಅಕ್ಟೋಬರ್‌ನಲ್ಲಿ ಸಿಕ್ಕ.

ಇಷ್ಟೆಲ್ಲ ನಾಯಕರಿರುವ ಸೀಮೆಯಲ್ಲಿ ಕಾಲಾಳುಗಳ ಗತಿಯೇನು ಎಂದು ಓದುಗರು ಕೇಳಬಹುದು. ವೀರಪ್ಪನ್ ಸಿಕ್ಕ 2004ರ ವಿಧಾನಸಭಾ ಚುನಾವಣೆಯಲ್ಲೇ, ಯಳಂದೂರಿನ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರ ಎದುರು ಎ.ಆರ್. ಕೃಷ್ಣಮೂರ್ತಿ ಸೋತರು. ಅಂತರ ಒಂದು ಮತ.